ವ್ಯಾಟ್‌ಗೆ ಮೊದಲು ಶಾಖದ ಲೆಕ್ಕ: ಮಲ್ಪೆಯ ಕಡಲಗಾಳಿಯಲ್ಲಿ ಕಟ್ಟಿದ ಹ್ಯಾಮ್ ಆಂಪ್ಲಿಫೈಯರ್

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಕರಾವಳಿಯಲ್ಲಿ ಕುಳಿತು ಹ್ಯಾಮ್ (ಹವ್ಯಾಸಿ) ರೇಡಿಯೊದ 40 ಮೀಟರ್ ಬ್ಯಾಂಡ್, ಅಂದರೆ 7 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳನ್ನು ಕೇಳುವವರಿಗೆ ಆ ಸದ್ದಿನ ಪರಿಚಯ ಇದ್ದೇ ಇರುತ್ತದೆ. ಗುಡುಗು ಘಟ್ಟದ ಆಚೆ ಎಲ್ಲೋ ಇದ್ದರೂ ರಿಸೀವರ್‌ನಲ್ಲಿ ಚಟಚಟ ನಿಲ್ಲುವುದಿಲ್ಲ. ಅಂಥ ಹೊತ್ತಿನಲ್ಲಿ ನನ್ನ ಬಿಟ್‌ಎಕ್ಸ್40ರ 7 ವ್ಯಾಟ್ ಧ್ವನಿಯನ್ನು ಬೆಂಗಳೂರಿನ, ಹೈದರಾಬಾದಿನ ಗೆಳೆಯರು ಕಷ್ಟಪಟ್ಟು ಹೆಕ್ಕಿಕೊಳ್ಳಬೇಕಾಗುತ್ತಿತ್ತು. ಅಶ್ಹರ್ ಫರ್ಹಾನ್ ಅವರು ರೂಪಿಸಿದ ಆ ಪುಟ್ಟ ಟ್ರಾನ್ಸ್‌ಸೀವರ್ (ಕಳಿಸುವ, ಕೇಳುವ ಎರಡೂ ಕೆಲಸ ಮಾಡುವ ರೇಡಿಯೊ) ಮೇಲೆ ನನಗಿರುವ ಪ್ರೀತಿ ದೊಡ್ಡದು. ಅದನ್ನು ಬದಲಿಸುವ ಮನಸ್ಸಿರಲಿಲ್ಲ. ಅದರ ಮುಂದೆ ಒಂದು ಆಂಪ್ಲಿಫೈಯರ್ ಕಟ್ಟಿ ಇಡುವುದೆಂದು ತೀರ್ಮಾನಿಸಿದೆ.

ಎಷ್ಟು ವ್ಯಾಟ್ ಬೇಕು ಎಂಬುದು ಮೊದಲ ಪ್ರಶ್ನೆ. ನಾನು ಪರವಾನಗಿ ಪಡೆದ ನಿರ್ಬಂಧಿತ ದರ್ಜೆಗೆ ಎಚ್‌ಎಫ್‌ನಲ್ಲಿ (3ರಿಂದ 30 ಮೆಗಾಹರ್ಟ್ಸ್) ಇದ್ದ ಮಿತಿ 50 ವ್ಯಾಟ್. ಅದರೊಳಗೆ ನೆಮ್ಮದಿಯಾಗಿ ಇರಲು 40 ವ್ಯಾಟ್ ಗುರಿ ಇಟ್ಟುಕೊಂಡೆ. 7ರಿಂದ 40ಕ್ಕೆ ಏರಿದರೆ ಸಿಗುವುದು 7.6 ಡೆಸಿಬೆಲ್. ಸಂಕೇತದ ಬಲ ತೋರಿಸುವ ಎಸ್ ಮೀಟರಿನಲ್ಲಿ ಒಂದು ಅಂಕವೆಂದರೆ 6 ಡೆಸಿಬೆಲ್, ಅಂದರೆ ಒಂದೂಕಾಲು ಅಂಕದಷ್ಟು ಏರಿಕೆ. ಕಾಗದದ ಮೇಲೆ ಇದು ಅಲ್ಪ. ಆದರೆ ಗದ್ದಲದ ಮಟ್ಟದಲ್ಲೇ ತೇಲಿ ಮುಳುಗುವ ಧ್ವನಿಗೆ ಆ ಒಂದೂಕಾಲು ಅಂಕವೇ ಪ್ರಾಣ.

ಇಲ್ಲಿಂದ ಮುಂದೆ ಹೆಚ್ಚಿನವರು ಸರ್ಕಿಟ್ ಹುಡುಕಲು ಹೊರಡುತ್ತಾರೆ. ನಾನು ಥರ್ಮಾಮೀಟರ್‌ನಿಂದ ಆರಂಭಿಸಿದೆ. ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದೂ ಇದನ್ನೇ. ಶೀತದೇಶದವರು 20 ಡಿಗ್ರಿಯ ಕೋಣೆಯಲ್ಲಿ ಕಟ್ಟಿ ಬರೆದಿಟ್ಟ ವಿನ್ಯಾಸವನ್ನು ಉಡುಪಿಯ ಬೇಸಿಗೆಗೆ ಹಾಗೆಯೇ ತಂದು ಕೂರಿಸಲಾಗುವುದಿಲ್ಲ. ನನ್ನ ಹಂಚಿನ ಮನೆಯ ಕೋಣೆ ಮಧ್ಯಾಹ್ನಕ್ಕೆ 35 ಡಿಗ್ರಿ ಮುಟ್ಟುತ್ತದೆ. ಲೆಕ್ಕ ಹೊರಡಬೇಕಾದದ್ದು ಅಲ್ಲಿಂದ.

ಆರಿಸಿಕೊಂಡ ಮಾಸ್ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಐಆರ್‌ಎಫ್510. ಇದರಲ್ಲಿ ಸಂಕೇತ ಒಳಹೋಗುವ ಕಾಲು ಗೇಟ್, ಬಲಗೊಂಡು ಹೊರಬರುವ ಕಾಲು ಡ್ರೇನ್. ಪುಶ್‌ಪುಲ್ ಜೋಡಣೆಯಲ್ಲಿ (ಅಲೆಯ ಅರ್ಧರ್ಧವನ್ನು ಒಂದೊಂದು ಹೊರುವಂತೆ) ಎರಡು, 24 ವೋಲ್ಟ್ ಪೂರೈಕೆ. ಇದು ರೇಡಿಯೊಗೆಂದು ಹುಟ್ಟಿದ್ದಲ್ಲ, ಸ್ವಿಚಿಂಗ್ ಕೆಲಸಕ್ಕೆ ತಯಾರಾದದ್ದು. ಆದರೂ ಹ್ಯಾಮ್‌ಗಳು ಇದನ್ನು ಬಿಡದಿರುವುದಕ್ಕೆ ಬೆಲೆಯಷ್ಟೇ ಮುಖ್ಯವಾದ ಇನ್ನೊಂದು ಕಾರಣವಿದೆ: ಇದರ ಗೇಟ್ ಕೆಪಾಸಿಟೆನ್ಸ್ ಬರೀ 180 ಪಿಕೊಫ್ಯಾರಡ್. 7.1 ಮೆಗಾಹರ್ಟ್ಸ್‌ನಲ್ಲಿ ಅದರ ರಿಯಾಕ್ಟೆನ್ಸ್ (ಪರ್ಯಾಯ ವಿದ್ಯುತ್ತಿಗೆ ಒಡ್ಡುವ ತಡೆ) ಸುಮಾರು 125 ಓಂ. ಇದರ ಅಣ್ಣನಾದ ಐಆರ್‌ಎಫ್530 ಶಾಖವನ್ನು ಎರಡು ಪಟ್ಟು ತಾಳುತ್ತದೆ, ಆದರೆ ಗೇಟ್ 670 ಪಿಕೊಫ್ಯಾರಡ್. ಅದೇ ಆವರ್ತನದಲ್ಲಿ ರಿಯಾಕ್ಟೆನ್ಸ್ 33 ಓಂಗೆ ಕುಸಿಯುತ್ತದೆ. ನನ್ನಂಥ ಸಣ್ಣ ಡ್ರೈವರ್ (ಆಂಪ್ಲಿಫೈಯರ್‌ಗೆ ಸಂಕೇತ ಕೊಡುವ ರೇಡಿಯೊ) ಇರುವವರಿಗೆ ಅದನ್ನು ಕುಣಿಸುವುದು ಕಷ್ಟ.

ಶಾಖದ ಲೆಕ್ಕ ಹೀಗೆ. ದಕ್ಷತೆ ಅರ್ಧ ಎಂದು ಹಿಡಿದರೆ 40 ವ್ಯಾಟ್ ಹೊರಹೋಗುವಾಗ ಇನ್ನೂ 40 ವ್ಯಾಟ್ ಶಾಖವಾಗುತ್ತದೆ, ಒಂದೊಂದು ಮಾಸ್ಫೆಟ್‌ಗೆ 20. ಐಆರ್‌ಎಫ್510ರ ಒಳಗಿನ ಸಿಲಿಕಾನ್‌ನಿಂದ ಹೊರಮೈಗೆ ಉಷ್ಣರೋಧ ವ್ಯಾಟಿಗೆ 3.5 ಡಿಗ್ರಿ. ಮೈಕಾ ಹಾಳೆ ಮತ್ತು ಪೇಸ್ಟ್‌ಗೆ ಇನ್ನೊಂದು ಡಿಗ್ರಿ ಸೇರಿಸಿದೆ. 4.5ನ್ನು 20ರಿಂದ ಗುಣಿಸಿದರೆ 90. ಅಂದರೆ ಶಾಖ ಹೀರಿ ಗಾಳಿಗೆ ಬಿಡುವ ಹೀಟ್‌ಸಿಂಕ್ 60 ಡಿಗ್ರಿಯಲ್ಲಿದ್ದರೆ ಸಿಲಿಕಾನ್ 150 ಡಿಗ್ರಿಯಲ್ಲಿರುತ್ತದೆ. ಅದರ ಕೊನೆಯ ಮಿತಿ 175. ನನಗೆ 25 ಡಿಗ್ರಿ ಉಸಿರಾಟದ ಜಾಗ ಬೇಕೇ ಬೇಕು. ಆದ್ದರಿಂದ ಹೀಟ್‌ಸಿಂಕ್ ಎಂದೂ 60 ದಾಟಬಾರದು. ಕೋಣೆಯ 35ನ್ನು ಕಳೆದರೆ ಉಳಿಯುವುದು 25 ಡಿಗ್ರಿ. ಅದನ್ನು 40 ವ್ಯಾಟಿನಿಂದ ಭಾಗಿಸಿದರೆ ಹೀಟ್‌ಸಿಂಕ್‌ನ ಉಷ್ಣರೋಧ ವ್ಯಾಟಿಗೆ 0.62 ಡಿಗ್ರಿಗಿಂತ ಕಡಿಮೆ ಇರಬೇಕು. ಅಂಗಡಿಯಲ್ಲಿ ಆಡಿಯೊ ಆಂಪ್ಲಿಫೈಯರ್‌ಗೆಂದು ಕೊಡುವ ಅಂಗೈ ಅಗಲದ ತುಂಡು ಇದಕ್ಕೆ ಸಾಲುವುದಿಲ್ಲ.

ಗುಜರಿ ಅಂಗಡಿಯಲ್ಲಿ ಹಳೆಯ ಇನ್ವರ್ಟರ್‌ನ ದಪ್ಪ ರೆಕ್ಕೆಗಳ ಅಲ್ಯೂಮಿನಿಯಂ ಹೀಟ್‌ಸಿಂಕ್ ಸಿಕ್ಕಿತು. ಅದರ ಮೈ ಮೇಲೆ ಹಿಂದಿನವರು ಕೊರೆದ ತೂತುಗಳೂ ಗೀರುಗಳೂ ಇದ್ದವು. ಮಲ್ಪೆ ಬಂದರಿನ ಬಳಿ ದೋಣಿಯ ಎಂಜಿನ್ ರಿಪೇರಿ ಮಾಡುವ ಲೇತ್ ವರ್ಕ್‌ಶಾಪಿನಲ್ಲಿ ಒಂದು ಮುಖವನ್ನು ಸಮತಟ್ಟಾಗಿ ಹೆರೆಸಿದೆ. ಪೇಸ್ಟ್ ಎಷ್ಟು ಮೆತ್ತಿದರೂ ಮೈ ಸಮತಟ್ಟಾಗಿರದಿದ್ದರೆ ಪ್ರಯೋಜನವಿಲ್ಲ. ಪೇಸ್ಟ್ ಇರುವುದು ಕಣ್ಣಿಗೆ ಕಾಣದ ಸಂದುಗಳನ್ನು ತುಂಬಲು ಮಾತ್ರ. ಹಿಂದೆ 80 ಮಿಲಿಮೀಟರ್ ಫ್ಯಾನ್ ಕೂರಿಸಿದೆ. ಐಆರ್‌ಎಫ್510ರ ಲೋಹದ ಬೆನ್ನು ಡ್ರೇನ್‌ಗೆ ಸೇರಿದ್ದರಿಂದ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಶ್ ಕಡ್ಡಾಯ. ಬಿಗಿದ ಮೇಲೆ ಮಲ್ಟಿಮೀಟರ್‌ನಲ್ಲಿ ಡ್ರೇನ್‌ಗೂ ಹೀಟ್‌ಸಿಂಕ್‌ಗೂ ಸಂಪರ್ಕ ಇಲ್ಲವೆಂದು ನೋಡದೆ ಮುಂದೆ ಹೋಗಬಾರದು.

ಇನ್ನು ರೇಡಿಯೊ ಭಾಗ. ಬಿಟ್‌ಎಕ್ಸ್40ರ 7 ವ್ಯಾಟ್ ನೇರವಾಗಿ ಗೇಟ್‌ಗೆ ಹೋದರೆ ಅತಿಯಾಯಿತು. ನಡುವೆ ಶಕ್ತಿಯನ್ನು ಕಾಲು ಭಾಗಕ್ಕೆ ಇಳಿಸುವ 6 ಡೆಸಿಬೆಲ್‌ನ ಪೈ ಅಟೆನ್ಯುಯೇಟರ್ ಹಾಕಿದೆ: ನೆಲಕ್ಕೆ 150 ಓಂ, ಸಾಲಿನಲ್ಲಿ 39 ಓಂ, ಮತ್ತೆ ನೆಲಕ್ಕೆ 150. ಒಳಗೆ ಬಂದ 7 ವ್ಯಾಟಿನಲ್ಲಿ ಮೊದಲ 150 ಓಂ ಮತ್ತು ನಡುವಿನ 39 ಓಂ ಸುಮಾರು 2.3 ವ್ಯಾಟ್‌ನಂತೆ ತಿನ್ನುತ್ತವೆ, ಕೊನೆಯದು ಅರ್ಧ ವ್ಯಾಟಿನಷ್ಟು. ಹಾಗಾಗಿ ಮೊದಲ ಎರಡನ್ನೂ 2 ವ್ಯಾಟಿನ ಎರಡೆರಡು ರೆಸಿಸ್ಟರ್‌ಗಳನ್ನು ಜೊತೆ ಸೇರಿಸಿ ಮಾಡಿದೆ. ವೈರ್‌ವೌಂಡ್ ರೆಸಿಸ್ಟರ್ ಇಲ್ಲಿ ನಡೆಯದು, ಅದು ತಾನೇ ಒಂದು ಕಾಯಿಲ್. ಶಕ್ತಿ ವ್ಯರ್ಥವಾಯಿತಲ್ಲ ಎಂದು ಕೊರಗುವ ಅಗತ್ಯವಿಲ್ಲ. ಮಾಸ್ಫೆಟ್‌ನ ಗೇಟ್ ಹೇಗೇ ವರ್ತಿಸಲಿ, ಡ್ರೈವರ್‌ಗೆ 50 ಓಂಗೆ ಹತ್ತಿರದ ಲೋಡ್ ಕಾಣುತ್ತದೆ. ಆ ಸ್ಥಿರತೆಗೆ ಕೊಡುವ ಬೆಲೆ ಅದು.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಒಂದಕ್ಕೆ ಎರಡು ಸುತ್ತುಗಳ ಅನುಪಾತ. 50 ಓಂ ಆಗ ಡ್ರೇನ್‌ಗಳ ನಡುವೆ 12.5 ಓಂ ಆಗಿ ಕಾಣುತ್ತದೆ. ಮಾಸ್ಫೆಟ್‌ನಲ್ಲಿ 5 ವೋಲ್ಟ್ ಬಿಟ್ಟುಹೋದರೂ 24ರಲ್ಲಿ 19 ಉಳಿಯುತ್ತದೆ. 19ರ ವರ್ಗವನ್ನು ಎರಡರಿಂದ ಗುಣಿಸಿ 12.5ರಿಂದ ಭಾಗಿಸಿದರೆ 57 ವ್ಯಾಟ್‌ಗೆ ಸ್ವಲ್ಪ ಮೇಲೆ. ಇದು ಮೇಲಿನ ಮಿತಿ. ಧ್ವನಿ ಹರಿಯದೆ ಶುದ್ಧವಾಗಿರಬೇಕಾದರೆ ಈ ಮಿತಿಗಿಂತ ಸಾಕಷ್ಟು ಕೆಳಗೆ ಓಡಿಸಬೇಕು, ನನ್ನ 40 ಅಲ್ಲಿ ಸರಿಯಾಗಿ ಕೂರುತ್ತದೆ.

ಫೆರೈಟ್ ಕೋರ್ ನಮ್ಮ ಊರಿನಲ್ಲಿ ಕೇಳಿದಾಗೆಲ್ಲ ಸಿಗುವುದಿಲ್ಲ. ಕಂಪ್ಯೂಟರ್ ಮಾನಿಟರ್ ಕೇಬಲ್‌ಗಳ ತುದಿಯಲ್ಲಿ ಉಬ್ಬಿಕೊಂಡಿರುವ ಫೆರೈಟ್ ಕೊಳವೆಗಳನ್ನು ಒಡೆದು ತೆಗೆದೆ. ಅವು ಯಾವ ಜಾತಿಯವು ಎಂದು ಮೈಮೇಲೆ ಬರೆದಿರುವುದಿಲ್ಲ, ಅಳೆದೇ ತಿಳಿಯಬೇಕು. ಸುತ್ತಿನ ರಿಯಾಕ್ಟೆನ್ಸ್ ಲೋಡ್‌ನ ನಾಲ್ಕೈದು ಪಟ್ಟಾದರೂ ಇರಬೇಕೆಂಬುದು ನಿಯಮ. 12.5 ಓಂಗೆ ಸುಮಾರು 60 ಓಂ, ಅಂದರೆ 7 ಮೆಗಾಹರ್ಟ್ಸ್‌ನಲ್ಲಿ 1.3 ಮೈಕ್ರೊಹೆನ್ರಿಗಿಂತ ಹೆಚ್ಚು. ಎರಡು ಕೊಳವೆಗಳನ್ನು ಪಕ್ಕಪಕ್ಕ ಇಟ್ಟು ಒಂದು ಸುತ್ತು ಹಾಯಿಸಿ ನ್ಯಾನೊವಿಎನ್ಎ ಎಂಬ ಪುಟ್ಟ ಅಳತೆಯ ಉಪಕರಣದಲ್ಲಿ ನೋಡುತ್ತಾ ಬಂದೆ. ಸಾಲದ ಕೊಳವೆಗೆ ಇನ್ನೊಂದನ್ನು ಉದ್ದಕ್ಕೆ ಸೇರಿಸಿದೆ. ಒಳಗೆ ಹಿತ್ತಾಳೆಯ ಕೊಳವೆಯೇ ಪ್ರೈಮರಿ, ಅದರೊಳಗೆ ಹಾದ ಟೆಫ್ಲಾನ್ ತಂತಿಯ ಎರಡು ಸುತ್ತು ಸೆಕೆಂಡರಿ. ಡ್ರೇನ್‌ಗೆ ಹೋಗುವ ಡಿಸಿಯನ್ನು ಈ ಟ್ರಾನ್ಸ್‌ಫಾರ್ಮರ್ ಮೂಲಕ ಕೊಡಲಿಲ್ಲ. ಪ್ರತ್ಯೇಕ ಟೊರಾಯ್ಡ್‌ನಲ್ಲಿ (ಬಳೆಯಾಕಾರದ ಕೋರ್) ಎರಡು ತಂತಿಗಳನ್ನು ಜೋಡಿಯಾಗಿ ಸುತ್ತಿದ ಚೋಕ್ ಮೂಲಕ ಕೊಟ್ಟೆ. ಎರಡೂ ಬದಿಯ ಡಿಸಿ ಕಾಂತಕ್ಷೇತ್ರಗಳು ಅಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ, ಕೋರ್ ತುಂಬಿ ಉಕ್ಕುವುದಿಲ್ಲ.

ಮೇಲಿನ ಆವರ್ತನಗಳನ್ನು ತಡೆಯುವ ಲೋ ಪಾಸ್ ಫಿಲ್ಟರ್ ಬಗ್ಗೆ ನನಗೆ ಬಹಳ ನಿಷ್ಠುರ ಅಭಿಪ್ರಾಯವಿದೆ. ಫಿಲ್ಟರ್ ಮುಗಿಯುವ ಮೊದಲು ಆಂಟೆನಾದ ಕೇಬಲ್ ಮುಟ್ಟಬಾರದು. ಪುಶ್‌ಪುಲ್ ಜೋಡಣೆ ಹಾರ್ಮೋನಿಕ್‌ಗಳಲ್ಲಿ (ಮೂಲ ಆವರ್ತನದ ಎರಡು, ಮೂರು ಪಟ್ಟಿನಲ್ಲಿ ಹುಟ್ಟುವ ಬೇಡದ ಸಂಕೇತಗಳು) ಸಮಸಂಖ್ಯೆಯವನ್ನು ತಕ್ಕಮಟ್ಟಿಗೆ ಅಳಿಸುತ್ತದೆ, ಮೂರನೆಯದು ಮಾತ್ರ 21.3 ಮೆಗಾಹರ್ಟ್ಸ್‌ನಲ್ಲಿ ಗಟ್ಟಿಯಾಗಿ ಹೊರಡುತ್ತದೆ. ಏಳು ಅಂಗಗಳ ಫಿಲ್ಟರ್ ಕಟ್ಟಿದೆ: ತುದಿಗಳಲ್ಲಿ 270 ಪಿಕೊಫ್ಯಾರಡ್, ನಡುವೆ ಎರಡು 680, ಕಾಯಿಲ್‌ಗಳು ಟಿ68-2 ಟೊರಾಯ್ಡ್ ಮೇಲೆ 16, 17, 16 ಸುತ್ತು. ಕೆಪಾಸಿಟರ್‌ಗಳು ಸಿಲ್ವರ್ ಮೈಕಾ, 500 ವೋಲ್ಟಿನವು. 40 ವ್ಯಾಟಿಗೆ 50 ಓಂನಲ್ಲಿ ಗರಿಷ್ಠ ವೋಲ್ಟೇಜ್ 63 ಮಾತ್ರ ಎಂಬುದು ನಿಜ. ಆದರೆ ಆಂಟೆನಾ ಕೆಟ್ಟಾಗ ಅದು ಏರುತ್ತದೆ, ಮೇಲಾಗಿ ಅಗ್ಗದ ಸೆರಾಮಿಕ್ ಡಿಸ್ಕ್‌ಗಳು ಈ ಕರೆಂಟಿಗೆ ಬಿಸಿಯೇರಿ ಮೌಲ್ಯ ಬದಲಿಸುತ್ತವೆ. ಮುಗಿದ ಫಿಲ್ಟರ್ ನ್ಯಾನೊವಿಎನ್ಎಯಲ್ಲಿ 21.3 ಮೆಗಾಹರ್ಟ್ಸ್‌ನಲ್ಲಿ 50 ಡೆಸಿಬೆಲ್‌ಗೂ ಹೆಚ್ಚು ತಗ್ಗು ತೋರಿಸಿತು.

ಗೇಟ್ ಬಯಾಸ್‌ಗೆ (ಸಂಕೇತವಿಲ್ಲದಾಗಲೂ ಗೇಟ್‌ಗೆ ಕೊಡುವ ವೋಲ್ಟೇಜ್) 78ಎಲ್05 ರೆಗ್ಯುಲೇಟರ್, ಒಂದೊಂದು ಮಾಸ್ಫೆಟ್‌ಗೂ ಬೇರೆಬೇರೆ ಮಲ್ಟಿಟರ್ನ್ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್). ಎರಡು ಮಾಸ್ಫೆಟ್‌ಗಳ ಗೇಟ್ ವೋಲ್ಟೇಜ್ ಒಂದೇ ಆಗಿರುವುದಿಲ್ಲವಾದ್ದರಿಂದ ಒಂದೇ ಪ್ರಿಸೆಟ್‌ನಲ್ಲಿ ಎರಡನ್ನೂ ಕಟ್ಟಬಾರದು. ಎರಡನ್ನೂ ಸೊನ್ನೆಗೆ ಇಳಿಸಿ, ಪೂರೈಕೆಯ ಸಾಲಿನಲ್ಲಿ ಲಾರಿಯ 24 ವೋಲ್ಟ್ 21 ವ್ಯಾಟ್ ಬಲ್ಬ್ ಸೇರಿಸಿದೆ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಉರಿಯುತ್ತದೆ, ಕರೆಂಟ್ ಒಂದು ಆಂಪಿಯರ್ ದಾಟುವುದಿಲ್ಲ, ಮಾಸ್ಫೆಟ್ ಉಳಿಯುತ್ತದೆ. ಆಮೇಲೆ ಒಂದೊಂದನ್ನೂ 50 ಮಿಲಿಆಂಪಿಯರ್‌ಗೆ ಏರಿಸಿದೆ. ಮಾಸ್ಫೆಟ್ ಬಿಸಿಯಾದಂತೆ ಅದೇ ಗೇಟ್ ವೋಲ್ಟೇಜಿಗೆ ಹೆಚ್ಚು ಕರೆಂಟ್ ಎಳೆಯುತ್ತದೆ, ಅದರಿಂದ ಇನ್ನಷ್ಟು ಬಿಸಿ. 35 ಡಿಗ್ರಿಯ ಊರಿನಲ್ಲಿ ಈ ಸುಳಿ ಬೇಗ ಹತ್ತಿಕೊಳ್ಳುತ್ತದೆ. ಬಯಾಸ್ ವಿಭಾಜಕದ ಕೆಳಗಿನ ಕಾಲಿನಲ್ಲಿ 10 ಕಿಲೋಓಂನ ಎನ್‌ಟಿಸಿ ಥರ್ಮಿಸ್ಟರ್ (ಬಿಸಿಯಾದಂತೆ ರೋಧ ಇಳಿಯುವ ರೆಸಿಸ್ಟರ್) ಸೇರಿಸಿ ಅದನ್ನು ಎರಡು ಮಾಸ್ಫೆಟ್‌ಗಳ ನಡುವೆ ಹೀಟ್‌ಸಿಂಕ್‌ಗೆ ಅಂಟಿಸಿದೆ; ಸಿಂಕ್ ಬಿಸಿಯಾದರೆ ಗೇಟ್ ವೋಲ್ಟೇಜ್ ತಾನಾಗಿ ಇಳಿಯುತ್ತದೆ.

ಪರೀಕ್ಷೆಗೆ, ಆಂಟೆನಾದ ಬದಲು ಶಕ್ತಿ ಹೀರುವ ಡಮ್ಮಿ ಲೋಡ್: 1 ಕಿಲೋಓಂ, 2 ವ್ಯಾಟಿನ 20 ರೆಸಿಸ್ಟರ್‌ಗಳು ಎರಡು ತಾಮ್ರದ ಹಲಗೆಗಳ ನಡುವೆ. ಅವುಗಳಲ್ಲಿ ಒಂದನ್ನು 820 ಮತ್ತು 180 ಓಂ ಆಗಿ ಒಡೆದು, 180ರ ಮೇಲಿನ ವೋಲ್ಟೇಜನ್ನು 1ಎನ್4148 ಡಯೋಡ್ ಮತ್ತು ಕೆಪಾಸಿಟರ್ ಮೂಲಕ ಮಲ್ಟಿಮೀಟರ್‌ಗೆ ಕೊಟ್ಟೆ. ಪೂರ್ತಿ 63 ವೋಲ್ಟಿಗೆ ಆ ಡಯೋಡ್ ನೇರವಾಗಿ ಸಿಕ್ಕಿದರೆ ಹಿಮ್ಮುಖವಾಗಿ ಅದರ ಎರಡು ಪಟ್ಟು ತಾಳಬೇಕಾಗುತ್ತದೆ, ಅದಕ್ಕೆ ಆ ಶಕ್ತಿಯಿಲ್ಲ. ಈ ಜೋಡಣೆಯಲ್ಲಿ 40 ವ್ಯಾಟಿಗೆ 11 ವೋಲ್ಟಿನ ಆಸುಪಾಸು ಓದು ಬರುತ್ತದೆ, ಅಲ್ಲಿಗೇ ಡ್ರೈವ್ ನಿಲ್ಲಿಸಿದೆ. ಆಮೇಲೆ ಟ್ರಾನ್ಸ್‌ಸೀವರ್ ಅನ್ನು 7.164 ಮೆಗಾಹರ್ಟ್ಸ್‌ಗೆ ಇಟ್ಟು ಅಡುಗೆಮನೆಯ ರೇಡಿಯೊದಲ್ಲಿ ಮಂಗಳೂರು ಆಕಾಶವಾಣಿಯ ಎಫ್‌ಎಂ 100.3 ಹಾಕಿದೆ. 7.164ರ 14ನೇ ಹಾರ್ಮೋನಿಕ್ ಬೀಳುವುದು ಸರಿಯಾಗಿ ಅಲ್ಲೇ. ನಾನು ಮೈಕ್‌ನಲ್ಲಿ ಮಾತನಾಡುತ್ತಿದ್ದಾಗಲೂ ಅಮ್ಮ ಕೇಳುತ್ತಿದ್ದ ಹಾಡಿಗೆ ಭಂಗ ಬರಲಿಲ್ಲ. ಆ ಹೊತ್ತಿನ ಸಂತೋಷ ಯಾವ ಮೀಟರಿನ ಓದಿಗೂ ಕಡಿಮೆಯಲ್ಲ.

ಉಪ್ಪಿನ ಗಾಳಿಯ ಪಾಠವನ್ನು ಬಂದರಿನ ದೋಣಿಗಳಿಗೆ ವೈರಿಂಗ್ ಮಾಡುವ ಹಿರಿಯರೊಬ್ಬರಿಂದ ಕಲಿತೆ. ಅಲ್ಯೂಮಿನಿಯಂ ಪೆಟ್ಟಿಗೆಗೆ ಹಿತ್ತಾಳೆ ಸ್ಕ್ರೂ ಹಾಕಬೇಡಿ, ಎರಡು ಲೋಹಗಳ ನಡುವೆ ಉಪ್ಪುನೀರು ಕೂತರೆ ಅಲ್ಯೂಮಿನಿಯಂ ಕರಗುತ್ತದೆ ಎಂದರು. ಸ್ಟೀಲ್ ಸ್ಕ್ರೂಗಳಿಗೂ ಗ್ರೀಸ್ ಹಚ್ಚಿಸಿದರು. ಫ್ಯಾನ್‌ನ ಗಾಳಿ ರೆಕ್ಕೆಗಳ ಮೇಲಷ್ಟೇ ಹಾದುಹೋಗುವಂತೆ, ಸರ್ಕಿಟ್ ಇರುವ ಕೋಣೆಗೆ ನುಗ್ಗದಂತೆ ಪೆಟ್ಟಿಗೆಯನ್ನು ಎರಡು ಭಾಗ ಮಾಡಿದ್ದೂ ಅವರ ಮಾತಿನಿಂದಲೇ. ಬೋರ್ಡಿನ ತಾಮ್ರಕ್ಕೆ ವಾರ್ನಿಷ್ ಹೊಡೆದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕನೆಕ್ಟರ್‌ಗಳನ್ನು ಬಿಚ್ಚಿ ಒರೆಸಿ ನೋಡುವುದು ಈಗ ರೂಢಿ.

ತೆಂಗಿನ ಮರದಿಂದ ಇಳಿಬಿಟ್ಟ 20 ಮೀಟರ್ ಉದ್ದದ ಇನ್ವರ್ಟೆಡ್ ವಿ (ತಲೆಕೆಳಗಾದ V ಆಕಾರದ) ಆಂಟೆನಾದಲ್ಲಿ ಈ 40 ವ್ಯಾಟ್ ಬೇಸಿಗೆಯ ಗದ್ದಲವನ್ನು ದಾಟುತ್ತಿದೆ. ಹೈದರಾಬಾದಿನವರು ಮರುಪ್ರಶ್ನೆಯಿಲ್ಲದೆ ಉತ್ತರಿಸುತ್ತಾರೆ. ದೀರ್ಘ ಮಾತುಕತೆಯಲ್ಲೂ ಹೀಟ್‌ಸಿಂಕ್ 50 ಡಿಗ್ರಿ ದಾಟುವುದಿಲ್ಲ, ಏಕೆಂದರೆ ಎಸ್‌ಎಸ್‌ಬಿ ಎಂಬ ಪ್ರಸಾರ ಕ್ರಮದ ಮಾತಿನಲ್ಲಿ ಪೂರ್ಣ ಶಕ್ತಿ ಬೀಳುವುದು ಉಚ್ಚಾರದ ಏರುಗಳಲ್ಲಿ ಮಾತ್ರ. ಕಂಪ್ಯೂಟರ್ ಮೂಲಕ ಕಳಿಸುವ ಎಫ್‌ಟಿ8ರಂಥ ಎಡೆಬಿಡದ ಸಂಕೇತಕ್ಕೆ ಡ್ರೈವ್ ಇಳಿಸಿ 20 ವ್ಯಾಟಿಗೆ ತರುತ್ತೇನೆ. ಮಿಂಚು ಕಂಡ ದಿನ ಕೇಬಲ್ ಕಳಚಿ ಹೊರಗಿಡುತ್ತೇನೆ.

ಈಗ 20 ಮೀಟರ್ ಬ್ಯಾಂಡಿಗೆ ಇನ್ನೊಂದು ಫಿಲ್ಟರ್ ಸುತ್ತುತ್ತಿದ್ದೇನೆ. ಅಲ್ಲಿ ಗೇಟ್‌ನ ರಿಯಾಕ್ಟೆನ್ಸ್ ಅರ್ಧಕ್ಕೆ, 62 ಓಂಗೆ ಇಳಿಯುವುದರಿಂದ ಅಟೆನ್ಯುಯೇಟರ್ ಅನ್ನು 3 ಡೆಸಿಬೆಲ್‌ಗೆ ತಗ್ಗಿಸಬೇಕಾಗಬಹುದು. ಅದಕ್ಕೆ ತಕ್ಕ ಡ್ರೈವರ್ ಸಿದ್ಧವಾದ ಮೇಲೆ ಡಮ್ಮಿ ಲೋಡ್ ಮೇಲೆ ಅಳೆದೇ ನಿರ್ಧರಿಸುತ್ತೇನೆ.