ನಾಲಾ ನೀರಲ್ಲಿ ಉರುವಲು ಮರ ಬೆಳೆದದ್ದು

ಹುಬ್ಬಳ್ಳಿಯ ಕೊಳಚೆ ನೀರು ಊರೊಳಗೆ ಹಾದು, ಬಿಡನಾಳ, ಗಬ್ಬೂರು ಕಡೆಯಿಂದ ಹರಿದು ಬೇಡ್ತಿ ಹೊಳೆ ಸೇರುತ್ತದೆ. ಅದೇ ಹೊಳೆ ಮುಂದೆ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಆಗಿ ಸಮುದ್ರಕ್ಕೆ ಹೋಗುತ್ತದೆ. ನಮ್ಮ ಹೊಲ ಈ ನಾಲಾ ದಂಡೆಗೇ ಇದೆ. ಬೇಸಿಗೆಯಲ್ಲೂ ನಮಗೆ ಸಿಗುವ ನೀರು ಅಂದ್ರೆ ಇದೊಂದೇ.

ಮೊದಲು ಇದರಲ್ಲೇ ಕಾಯಿಪಲ್ಲೆ ಬೆಳೆಯುತ್ತಿದ್ದೆವು. ಯೂರಿಯಾ ಹಾಕದಿದ್ದರೂ ಪಾಲಕ್ ಕಡುಹಸಿರಾಗಿ ಬರುತ್ತಿತ್ತು. ನೀರಲ್ಲೇ ಸಾರಜನಕ, ರಂಜಕ ಅಷ್ಟಿದೆ. ಆದರೆ ಅದೇ ನೀರಲ್ಲಿ ಹೊಟ್ಟೆಹುಳದ ಮೊಟ್ಟೆಗಳೂ ಇರುತ್ತವೆ. ಕೊಕ್ಕೆಹುಳು ಬರಿಗಾಲಿನ ಚರ್ಮದಿಂದಲೇ ಮೈಯೊಳಗೆ ಹೋಗುತ್ತದೆ. ಕಳೆ ತೆಗೆಯಲು ಬರುವ ಹೆಣ್ಮಕ್ಕಳ ಕಾಲಲ್ಲಿ ಚಪ್ಪಲಿಯೂ ಇರುವುದಿಲ್ಲ. ಅದಕ್ಕೇ ದಂಡೆಯ ತುಂಡಿನಲ್ಲಿ ತಿನ್ನುವ ಬೆಳೆ ಬಿಟ್ಟು, ಉರಿಸುವ ಕಟ್ಟಿಗೆ ಬೆಳೆಯತೊಡಗಿದೆ.

ಇಳಿಜಾರಿನ ತುದಿಯಲ್ಲಿ ನೀರು ನಿಲ್ಲುತ್ತದೆ, ಅಲ್ಲಿಗೆ ಕರಿಜಾಲಿ. ಅದು ಜೌಗನ್ನೂ ಸವಳನ್ನೂ (ಉಪ್ಪು ಮಣ್ಣನ್ನೂ) ತಾಳಿಕೊಳ್ಳುತ್ತದೆ. ಮೇಲಿನ ಭಾಗಕ್ಕೆ ಸುಬಾಬುಲ್. ಅದರ ಬೇರಿಗೆ ನಿಂತ ನೀರು ಆಗುವುದಿಲ್ಲ, ಹಾಗಾಗಿ ಏರು ಮಾಡಿ ಏರಿನ ಮೇಲೆ ಹಚ್ಚಿದೆ.

ನೀರನ್ನು ಸೀದಾ ಬಿಡುವುದಿಲ್ಲ. ಮೊದಲು ಒಂದು ಗುಂಡಿಯಲ್ಲಿ ನಿಲ್ಲಿಸುತ್ತೇನೆ. ರಾಡಿ ತಳಕ್ಕೆ ಕೂರುತ್ತದೆ, ಮೇಲಿನ ನೀರು ಮಾತ್ರ ಸಾಲಿಗೆ ಇಳಿಯುತ್ತದೆ. ಒಂದು ಸಾಲು ಕುಡಿದ ಮೇಲೆ ಅದನ್ನು ಒಣಗಲು ಬಿಟ್ಟು ಪಕ್ಕದ ಸಾಲಿಗೆ ತಿರುಗಿಸುತ್ತೇನೆ. ಮಣ್ಣಿಗೆ ಗಾಳಿ ಆಡಿದರೇನೇ ಅದರೊಳಗಿನ ಜೀವಾಣುಗಳು ಹೊಲಸನ್ನು ಕರಗಿಸುತ್ತವೆ. ಸದಾ ತೊಯ್ದ ಹೊಲ ಸುಮ್ನೆ ನಾರುತ್ತದೆ, ಅಷ್ಟೇ.

ನಮ್ಮದು ಎರೆ ಭೂಮಿ, ಅಂದ್ರೆ ಕಪ್ಪು ಜಿಗುಟು ಮಣ್ಣು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಆಗ ನೀರು ಬಿಟ್ಟರೆ ಬೇರಿಗೆ ಸಿಗದೆ ಬಿರುಕಿನಲ್ಲಿ ಸೀದಾ ಕೆಳಗಿಳಿಯುತ್ತದೆ, ಕೊಳಕು ಅಂತರ್ಜಲಕ್ಕೆ ಹೋಗುತ್ತದೆ. ಅದನ್ನು ತಡೆಯೋದೂ ಮರ ಹಚ್ಚಿದ್ದರ ಒಂದು ಉದ್ದೇಶ ಅಲ್ವಾ? ಹಾಗಾಗಿ ನೀರು ಬಿಡುವ ಮುಂಚೆ ಕುಂಟೆ ಹೊಡೆದು ಬಿರುಕು ಮುಚ್ಚುತ್ತೇನೆ. ಕಾಂಗ್ರೆಸ್ ಕಸವೂ (ಪಾರ್ಥೇನಿಯಂ ಕಳೆ) ಅದರಲ್ಲೇ ಹೋಗುತ್ತದೆ. ಇನ್ನೊಂದು ತೊಂದರೆ ಸೋಡಿಯಂ. ಸಾಬೂನು, ಡಿಟರ್ಜೆಂಟ್‌ನಿಂದಲೂ ಅದು ಬರುತ್ತದೆ. ಜಾಸ್ತಿ ಆದರೆ ಎರೆ ಮಣ್ಣು ಉಬ್ಬಿ ಬಿಗಿಯಾಗಿ ನೀರನ್ನೇ ಹೀರುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಅದರ ಪ್ರಕಾರ ಮಳೆಗೆ ಮುಂಚೆ ಜಿಪ್ಸಂ ಹಾಕುತ್ತೇನೆ. ಮುಂಗಾರಿನಲ್ಲಿ ನಾಲಾ ನೀರು ಪೂರ್ತಿ ಬಂದ್. ಮಳೆ ನೀರು ಉಪ್ಪನ್ನು ತೊಳೆಯಲಿ ಅಂತ.

ಸುಬಾಬುಲ್ ಕಡಿದರೆ ಮತ್ತೆ ಚಿಗುರುತ್ತದೆ. ಬೊಡ್ಡೆಯನ್ನು ನೆಲದಿಂದ ಒಂದು ಗೇಣಿನೊಳಗೆ, ಓರೆಯಾಗಿ ಕಡಿಯಬೇಕು. ಸಪಾಟಾಗಿ ಕಡಿದರೆ ಮೇಲೆ ನೀರು ನಿಂತು ಕೊಳೆಯುತ್ತದೆ. ತೊಗಟೆ ಹರಿಯಬಾರದು, ಯಾಕಂದ್ರೆ ಚಿಗುರು ಬರುವುದು ಅದರ ಅಂಚಿನಲ್ಲೇ. ಒಂದು ಬೊಡ್ಡೆಗೆ ಹತ್ತಾರು ಕುಡಿ ಬರುತ್ತವೆ. ಗಟ್ಟಿಯಾದ ಎರಡು ಮೂರು ಉಳಿಸಿ ಉಳಿದದ್ದನ್ನು ಮುರಿಯುತ್ತೇನೆ. ಬೇರು ಹಳೆಯದು, ಬಲಿತದ್ದು. ಹೊಸ ಸಸಿಗಿಂತ ಕುಡಿ ಬಹಳ ಬೇಗ ಏಳುತ್ತದೆ.

ಹಸಿ ಕಟ್ಟಿಗೆಯಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ನೀರೇ. ಅದನ್ನು ಹಾಗೇ ಒಲೆಗೆ ಹಾಕಿದರೆ ಬೆಂಕಿಯ ಶಕ್ತಿ ಆ ನೀರನ್ನು ಆವಿ ಮಾಡುವುದರಲ್ಲೇ ಕಳೆಯುತ್ತದೆ. ಹಾಗಾಗಿ ಗಾಳಿಯಾಡುವಂತೆ ಒಟ್ಟಿ, ಚೆನ್ನಾಗಿ ಒಣಗಿದ ಮೇಲೆಯೇ ಕೊಡುತ್ತೇನೆ.

ಕೊಡುವುದು ಇಟ್ಟಿಗೆ ಭಟ್ಟಿಗೆ ಮಾತ್ರ. ನಾಲಾಕ್ಕೆ ಮನೆಗಳ ನೀರಷ್ಟೇ ಅಲ್ಲ, ಗ್ಯಾರೇಜು, ವರ್ಕ್‌ಶಾಪುಗಳ ನೀರೂ ಸೇರುತ್ತದೆ. ಅದರಲ್ಲಿರುವ ಸೀಸ, ಸತುವಿನಂಥ ಲೋಹಗಳು ಮಣ್ಣಲ್ಲಿ ಕೂರುತ್ತವೆ, ಸ್ವಲ್ಪ ಮರವೂ ಹೀರುತ್ತದೆ. ಉರಿಸಿದಾಗ ಅದರ ಒಂದು ಪಾಲು ಬೂದಿಯಲ್ಲಿ ಉಳಿಯುತ್ತದೆ. ಅದಕ್ಕೇ ಬೂದಿಯನ್ನು ಕಾಯಿಪಲ್ಲೆ ಮಡಿಗೆ ಹಾಕಬೇಡಿ ಅಂತ ಭಟ್ಟಿಯವರಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ. ಅವರು ಅದನ್ನು ಇಟ್ಟಿಗೆ ಮಣ್ಣಿಗೇ ಕಲಸುತ್ತಾರೆ. ಸುಬಾಬುಲ್ ಸೊಪ್ಪು ಅಂದ್ರೆ ಆಡಿಗೆ ಪ್ರಾಣ. ಪಕ್ಕದವರು ಕೇಳುತ್ತಲೇ ಇರುತ್ತಾರೆ. ಈ ಹೊಲದ ಸೊಪ್ಪನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ.