ಅಪಾಯದ ಕಸವನ್ನೆಲ್ಲ ಒಂದೇ ಪೆಟ್ಟಿಗೆಗೆ ತುಂಬಬೇಡಿ

ಹಸಿ ಕಸ, ಒಣ ಕಸ ಬೇರೆ ಮಾಡುವುದು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ರೂಢಿಯಾಗಿದೆ. ಹಳೆ ಶೆಲ್ಲು, ಟ್ಯೂಬ್‌ಲೈಟು, ಅವಧಿ ಮೀರಿದ ಮಾತ್ರೆ, ಜಿರಲೆ ಸ್ಪ್ರೇ, ಅರ್ಧ ಉಳಿದ ಥಿನ್ನರ್ ಮಾತ್ರ ಒಂದು ರಟ್ಟಿನ ಪೆಟ್ಟಿಗೆ ಸೇರಿ ಮೆಟ್ಟಿಲ ಕೆಳಗೆ ಕೂತುಬಿಡುತ್ತವೆ. ಉದ್ದೇಶ ಒಳ್ಳೆಯದೇ. ಆದರೆ 9 ವೋಲ್ಟ್ ಬ್ಯಾಟರಿಯ ಎರಡೂ ತುದಿಗೆ ಸ್ಪ್ರೇ ಡಬ್ಬಿಯ ತಗಡು ತಗುಲಿದರೆ ಕಿಡಿ ಹಾರುತ್ತದೆ, ಪಕ್ಕದಲ್ಲೇ ಥಿನ್ನರ್ ಆವಿ ಇರುತ್ತದೆ. ಬೆಂಕಿ ಬಿದ್ದರೆ ಓಡಿ ಇಳಿಯಬೇಕಾದ ದಾರಿಯೂ ಅದೇ ಮೆಟ್ಟಿಲು.

ನಮ್ಮ 48 ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಈ ಕಸದ ಉಸ್ತುವಾರಿ ನನ್ನದು. ನಾನು ಬಿಡದೆ ಪಾಲಿಸುವ ನಿಯಮ ಒಂದೇ: ಕಿಡಿ ಹಾರಿಸುವಂಥದ್ದು, ಹೊತ್ತಿಕೊಳ್ಳುವಂಥದ್ದು, ಒಡೆಯುವಂಥದ್ದು, ಚುಚ್ಚುವಂಥದ್ದು ಒಂದೇ ಡಬ್ಬಿಯಲ್ಲಿ ಇರಕೂಡದು. ನಾಲ್ಕಕ್ಕೂ ನಾಲ್ಕು ಡಬ್ಬಿ. ಅವುಗಳ ಜಾಗ ನೆರಳಿನಲ್ಲಿ, ಗಾಳಿಯಾಡುವ ಕಡೆ, ಮೀಟರ್ ಬೋರ್ಡು ಮತ್ತು ಜನರೇಟರಿನಿಂದ ದೂರ.

ಬ್ಯಾಟರಿಯಿಂದ ಶುರು ಮಾಡುತ್ತೇನೆ, ಏಕೆಂದರೆ ತಪ್ಪು ಹೆಚ್ಚಾಗುವುದು ಅಲ್ಲಿಯೇ. ಗಡಿಯಾರ, ರಿಮೋಟಿನ ಶೆಲ್ಲು ಸತ್ತಿದೆ ಎಂದು ನಾವು ಅಂದುಕೊಂಡರೂ ಅದರಲ್ಲಿ ಸ್ವಲ್ಪ ವಿದ್ಯುತ್ ಉಳಿದೇ ಇರುತ್ತದೆ. 9 ವೋಲ್ಟಿನದಕ್ಕೆ ಮತ್ತು ಲಿಥಿಯಂ ಬ್ಯಾಟರಿಗಳಿಗೆ ತುದಿಯ ಮೇಲೆ ಸೆಲ್ಲೊಟೇಪ್ ಅಂಟಿಸಿಯೇ ಡಬ್ಬಿಗೆ ಹಾಕುತ್ತೇನೆ. ಬಟನ್ ಶೆಲ್ಲಿಗೆ ಟೇಪು ಎರಡೂ ಮುಖಕ್ಕೆ ಬೇಕು. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಡಲು ಶುರುವಾಗುತ್ತದೆ. ಆದ್ದರಿಂದ ಅದು ಆಟಿಕೆಯಿಂದ ಹೊರಬಂದ ಕ್ಷಣವೇ ಟೇಪಿಗೆ ಹೋಗಬೇಕು, ಸಂಜೆ ನೋಡೋಣ ಅನ್ನುವಂತಿಲ್ಲ.

ಉಬ್ಬಿದ ಮೊಬೈಲ್ ಬ್ಯಾಟರಿ, ಪವರ್ ಬ್ಯಾಂಕಿನ ವಿಷಯ ಬೇರೆ. ಒಳಗೆ ಅನಿಲ ತುಂಬಿರುತ್ತದೆ. ಒತ್ತಬಾರದು, ಚುಚ್ಚಬಾರದು, ಇನ್ನೊಮ್ಮೆ ಚಾರ್ಜಿಗೆ ಹಾಕಿ ನೋಡಬಾರದು. ನಾನು ಇಟ್ಟುಕೊಂಡಿರುವುದು 5 ಲೀಟರಿನ ತಗಡಿನ ಡಬ್ಬ, ಅದರಲ್ಲಿ ಅರ್ಧದಷ್ಟು ಮರಳು. ಎಂ-ಸ್ಯಾಂಡ್ ಆದರೂ ಆದೀತು, ಆದರೆ ಎರಡು ದಿನ ಬಿಸಿಲಿಗೆ ಹರವಿ ಒಣಗಿಸಿರಬೇಕು. ಒದ್ದೆ ಮರಳಿನಲ್ಲಿ ತುದಿಗಳು ತುಕ್ಕು ಹಿಡಿಯುತ್ತವೆ. ಬ್ಯಾಟರಿಯನ್ನು ಮಲಗಿಸಿ, ಮೇಲೆ ನಾಲ್ಕು ಬೆರಳು ಮರಳು ಮುಚ್ಚುತ್ತೇನೆ. ಮುಚ್ಚಳ ಬಿಗಿಯಬಾರದು, ಸುಮ್ಮನೆ ಮೇಲಿಡಬೇಕು. ಬಿಗಿದರೆ ಒಳಗಿನ ಒತ್ತಡ ಡಬ್ಬವನ್ನೇ ಸಿಡಿಸುತ್ತದೆ. ಬುಸ್ ಎಂಬ ಸದ್ದು ಬಂದರೆ, ಸಿಹಿಯಾದ ಘಾಟು ಹೊಡೆದರೆ ಹತ್ತಿರ ಹೋಗದೆ ಎಲ್ಲರನ್ನೂ ಹೊರಗೆ ಕಳಿಸಿ 112ಕ್ಕೆ ಕರೆ ಮಾಡುವುದು.

ಇನ್ವರ್ಟರ್ ಬ್ಯಾಟರಿಯನ್ನು ಹೊಸದು ತರುವಾಗಲೇ ಅಂಗಡಿಗೆ ವಾಪಸು ಕೊಡಿ. ಹಳೆಯದಕ್ಕೆ ಬೆಲೆ ಕಡಿತ ಮಾಡಿಕೊಡುತ್ತಾರೆ. ಹಳೆ ಬ್ಯಾಟರಿಗಳ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆಯೇ ಹಾಕಿವೆ. ಗುಜರಿಯಲ್ಲಿ ನೂರೋ ಇನ್ನೂರೋ ಜಾಸ್ತಿ ಸಿಗಬಹುದು, ಆದರೆ ಅದನ್ನು ಒಡೆದು ಆಸಿಡನ್ನು ಮೋರಿಗೆ ಸುರಿದು ಸೀಸ ಕರಗಿಸುವ ಜಾಗಕ್ಕೆ ಅದು ಹೋದರೆ ಆ ಹೊಗೆ ಅಲ್ಲಿನ ಮಕ್ಕಳ ರಕ್ತ ಸೇರುತ್ತದೆ. ಆ ದುಡ್ಡು ಬೇಡ. ಸಾಗಿಸುವಾಗ ನೆಟ್ಟಗೇ ಇರಲಿ, ಓರೆ ಮಾಡಿದರೆ ಮುಚ್ಚಳಗಳಿಂದ ಗಂಧಕಾಮ್ಲ ಸೋರುತ್ತದೆ. ಸೋರಿದರೆ ಅಡುಗೆ ಸೋಡಾ ಉದುರಿಸಿ. ನೊರೆ ಬರುವುದು ನಿಲ್ಲುವವರೆಗೂ ಹಾಕುತ್ತಲೇ ಇರಬೇಕು, ಆಮೇಲೆ ಒರೆಸುವುದು.

ಒಡೆಯುವಂಥದ್ದರಲ್ಲಿ ನನಗೆ ಹೆಚ್ಚು ಭಯ ಹಳೆ ಕಾಲದ ಜ್ವರದ ಥರ್ಮಾಮೀಟರಿನದು. ಒಂದು ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುವುದು ಸುಮಾರು 5 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ. ಥರ್ಮಾಮೀಟರಿನಲ್ಲಿ ಅದರ ನೂರರಷ್ಟು, ಕೆಲವದರಲ್ಲಿ ಇನ್ನೂ ಹೆಚ್ಚು. ಅದು ಕೋಣೆಯ ಶಾಖದಲ್ಲೇ ಕಣ್ಣಿಗೆ ಕಾಣದಂತೆ ಆವಿಯಾಗುತ್ತಿರುತ್ತದೆ. ಒಡೆದ ಕೂಡಲೇ ಮಕ್ಕಳು, ನಾಯಿ, ಬೆಕ್ಕು ಹೊರಗೆ. ಫ್ಯಾನು, ಎಸಿ ಬಂದ್. ಹೊರಗಿನ ಕಿಟಕಿ ತೆರೆದು ಒಳಬಾಗಿಲು ಮುಚ್ಚಿ. ಆಮೇಲೆ ಕೈಯಿಂದ ಉಂಗುರ, ಬಳೆ ಬಿಚ್ಚಿಡಿ. ಪಾದರಸ ಚಿನ್ನಕ್ಕೆ ತಾಗಿದರೆ ಅದರೊಳಗೆ ಬೆರೆತು ಚಿನ್ನವೇ ಬಿಳಿಚಿಕೊಳ್ಳುತ್ತದೆ.

ಪೊರಕೆ ಮುಟ್ಟಲೇಬಾರದು. ಒಂದು ಗುಂಡು ಪೊರಕೆಗೆ ಸಿಕ್ಕರೆ ನೂರು ಗುಂಡಾಗಿ ಮಂಚದ ಕೆಳಗೆ ಹೋಗುತ್ತದೆ. ವ್ಯಾಕ್ಯೂಮ್ ಅದನ್ನು ಬಿಸಿಗಾಳಿಯ ಜೊತೆ ಮನೆಯೆಲ್ಲ ಊದುತ್ತದೆ. ಕೋಣೆ ಕತ್ತಲು ಮಾಡಿ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಡ್ಡ ಬೆಳಕು ಬಿಡಿ, ಸಾಸಿವೆಗಿಂತ ಸಣ್ಣ ಗುಂಡುಗಳೂ ಹೊಳೆದು ಕಾಣುತ್ತವೆ. ಗಟ್ಟಿ ರಟ್ಟಿನ ಎರಡು ತುಂಡುಗಳಿಂದ ನಿಧಾನವಾಗಿ ತಳ್ಳಿ ಒಂದಕ್ಕೊಂದು ಸೇರಿಸಿ, ದೊಡ್ಡದಾದಾಗ ಸೂಜಿಯಿಲ್ಲದ ಸಿರಿಂಜಿನಿಂದ ಎಳೆದು ಗಾಜಿನ ಬಾಟಲಿಗೆ ಬಿಡಿ. ಉಳಿದ ಪುಡಿ ಗುಂಡುಗಳಿಗೆ ಅಗಲದ ಟೇಪು ಒತ್ತಿ ಎತ್ತುವುದು. ಟೈಲ್ಸಿನ ಸಂದುಗಳನ್ನು ಎರಡನೇ ಸಲ ನೋಡಿ, ನಾನು ನೋಡಿದಾಗೆಲ್ಲ ಅಲ್ಲಿ ಏನಾದರೂ ಸಿಕ್ಕೇ ಸಿಗುತ್ತದೆ. ಕೈಗವಸು, ರಟ್ಟು, ಟೇಪು, ಸಿರಿಂಜು ಎಲ್ಲವೂ ಜಿಪ್ ಚೀಲಕ್ಕೆ. ಪಾದರಸ ಬಿದ್ದ ಬಟ್ಟೆಯನ್ನು ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ.

ಸಿಎಫ್‌ಎಲ್ ಒಡೆದರೂ ಇದೇ ಕ್ರಮ. ಅಲ್ಲಿ ಪುಡಿ ಇರುವುದರಿಂದ 10 ನಿಮಿಷ ಹೊರಗಿದ್ದು, ಬಂದು ಒದ್ದೆ ಪೇಪರಿನಿಂದ ಒರೆಸಿ. ಒಡೆಯದ ಟ್ಯೂಬ್‌ಲೈಟನ್ನು ಹೊಸದು ಬಂದ ರಟ್ಟಿನ ಕೊಳವೆಗೇ ತೂರಿಸಿ ಗೋಡೆಗೆ ನಿಲ್ಲಿಸಿ ಕಟ್ಟಿಡಬೇಕು.

ಇನ್ಸುಲಿನ್ ಸೂಜಿ, ಸಕ್ಕರೆ ಪರೀಕ್ಷೆಯ ಚುಚ್ಚುಮೊನೆಗೆ ನೀರಿನ ಬಾಟಲಿ ಸಾಲದು, ಸೂಜಿ ಅದನ್ನು ತೂತು ಮಾಡಿ ಹೊರಬರುತ್ತದೆ. ಬಟ್ಟೆ ಒಗೆಯುವ ದ್ರವದ ದಪ್ಪ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು. ಮುಕ್ಕಾಲು ತುಂಬಿದಾಗ ಮುಚ್ಚಳಕ್ಕೆ ಟೇಪು ಸುತ್ತಿ 'ಸೂಜಿ ಇದೆ' ಎಂದು ದಪ್ಪ ಅಕ್ಷರದಲ್ಲಿ ಬರೆದು, ಆಸ್ಪತ್ರೆ ಅಥವಾ ಲ್ಯಾಬಿನ ಜೈವಿಕ ತ್ಯಾಜ್ಯಕ್ಕೆ ಕೇಳಿ ಕೊಡುತ್ತೇನೆ. ಸಡಿಲ ಸೂಜಿ ಒಂದೇ ಒಂದು ಕಸದ ಚೀಲದಲ್ಲಿದ್ದರೂ ಅದು ಚುಚ್ಚುವುದು ಪೌರಕಾರ್ಮಿಕ ಅಕ್ಕನ ಅಂಗೈಗೆ. ಆಮೇಲೆ ಆಕೆ ತಿಂಗಳುಗಟ್ಟಲೆ ರಕ್ತ ಪರೀಕ್ಷೆಗೆ ಅಲೆಯಬೇಕು.

ಹಳೆ ಔಷಧಿಯನ್ನು ಕಮೋಡಿಗೆ ಸುರಿಯುವವರಿಗೆ ಒಂದು ಮಾತು. ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ, ಕೊಳೆ ತಿನ್ನುವುದು ಬ್ಯಾಕ್ಟೀರಿಯಾ. ಆಂಟಿಬಯೋಟಿಕ್, ಬ್ಲೀಚು, ಥಿನ್ನರ್ ಅವನ್ನೇ ಕೊಲ್ಲುತ್ತವೆ. ಎಸ್‌ಟಿಪಿ ಇಲ್ಲದ ಕಡೆ ರಾಜಕಾಲುವೆ ಸೇರಿ ಬೆಳ್ಳಂದೂರು, ವರ್ತೂರು ಕೆರೆಗೋ ವೃಷಭಾವತಿ ನದಿಗೋ ಹೋಗುತ್ತವೆ. ಸಿರಪ್ಪನ್ನು ಕಾಫಿ ಚರಟಕ್ಕೆ ಬೆರೆಸಿ ಗಟ್ಟಿ ಮಾಡಿ, ಮುಚ್ಚಳದ ಡಬ್ಬಿಯಲ್ಲಿಟ್ಟು ಮಾತ್ರೆಗಳ ಜೊತೆ ಆಸ್ಪತ್ರೆಗೇ ಕೊಡಿ. ಆ ಚರಟ ಗೊಬ್ಬರಕ್ಕೆ ಹೋಗಕೂಡದು.

ಉಳಿದ ಎಮಲ್ಷನ್ ಪೇಂಟಿಗೆ ಮರದ ಹೊಟ್ಟು ಬೆರೆಸಿ ಒಂದು ಬೆರಳು ದಪ್ಪಕ್ಕೆ ಹರವಿ ಒಣಗಿಸಬೇಕು. ಡಬ್ಬ ತೆರೆದಿಟ್ಟರೆ ಮೇಲೆ ಕೆನೆ ಕಟ್ಟಿ ಕೆಳಗೆ ತಿಂಗಳಾದರೂ ಹಸಿಯಾಗೇ ಇರುತ್ತದೆ. ಬ್ರಷ್ ತೊಳೆದ ಟರ್ಪಂಟೈನನ್ನು ಎರಡು ದಿನ ಬಿಟ್ಟರೆ ಬಣ್ಣ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ಮತ್ತೆ ಬಳಸಬಹುದು. ಅಗಸೆ ಎಣ್ಣೆಯ ಪಾಲಿಶ್ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಒಂದೊಂದೇ ಪದರ ಬಿಡಿಸಿ ತಂತಿಯ ಮೇಲೆ ಹಾಕಿ ಗಟ್ಟಿಯಾಗಲು ಬಿಡಬೇಕು. ಪೇಂಟಿನಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಕಿಟಕಿ ಬಣ್ಣ ಕೆರೆಯುವುದಾದರೆ ನೀರು ಚಿಮುಕಿಸಿ, ಕೆಳಗೆ ಪ್ಲಾಸ್ಟಿಕ್ ಹಾಸಿ ಕೆರೆಸಿ.

ಟಾಯ್ಲೆಟ್ ಕ್ಲೀನರ್ ಮತ್ತು ಬ್ಲೀಚಿನ ಅರ್ಧ ಬಾಟಲಿಗಳನ್ನು ಎಂದೂ ಒಂದು ಮಾಡಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಖಾಲಿ ಸ್ಪ್ರೇ ಡಬ್ಬಿಗೆ ಮೊಳೆ ಹೊಡೆಯಬೇಡಿ.

ಮನೆಯ ಅಪಾಯಕಾರಿ ಕಸಕ್ಕೆ ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರ ಮಾಡುವಂತೆ 2016ರ ಘನತ್ಯಾಜ್ಯ ನಿಯಮಗಳು ನಗರಾಡಳಿತಕ್ಕೆ ಹೇಳಿದ್ದವು. ವಾರ್ಡಿನ ಒಣ ಕಸದ ಕೇಂದ್ರಕ್ಕೆ ಹೋಗುವ ಮೊದಲು ಯಾವುದನ್ನು ತೆಗೆದುಕೊಳ್ಳುತ್ತೀರಿ ಎಂದು ಕೇಳಿಕೊಳ್ಳಿ. ಬ್ಯಾಟರಿ, ಟ್ಯೂಬು, ಇ-ತ್ಯಾಜ್ಯಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿರುವ ಮರುಬಳಕೆದಾರರನ್ನೇ ನಾವು ಕರೆಸುವುದು. ಮೂರು ತಿಂಗಳಿಗೊಮ್ಮೆ, ಬೆಳಗಿನ ತಂಪಿನಲ್ಲಿ. ಮರಳಿನ ಡಬ್ಬ ಮತ್ತು ಥಿನ್ನರ್ ಕ್ಯಾನು ಒಂದೇ ಗಾಡಿಗೆ ಏರದಂತೆ ಗೇಟಿನ ಹತ್ತಿರವೇ ನಿಂತು ನೋಡುತ್ತೇನೆ. ಏನು, ಎಷ್ಟು ಕೆಜಿ ಎಂಬ ರಸೀದಿ ಕೈಗೆ ಬಂದ ಮೇಲೆ ಗಾಡಿ ಹೊರಡುತ್ತದೆ.