ಬಸುರಿಗೆ ಮೊದಲು ಬಡಿಸಿ

ದಾವಣಗೆರೆ ಕಡೆಯ ಕೂಡು ಮನೆಗಳಲ್ಲಿ ಮಧ್ಯಾಹ್ನದ ಊಟ ನೋಡಿದ್ದೀರಾ? ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅತ್ತೆ. ಸೊಸೆ ಕೂರುವ ಹೊತ್ತಿಗೆ ಮೂರು ಗಂಟೆ. ಅಷ್ಟರಲ್ಲಿ ಕಾಳೆಲ್ಲ ಸೌಟಿಗೆ ಸಿಕ್ಕಿ ಖಾಲಿ. ಉಳಿದಿದ್ದು ತಿಳಿ ಸಾರು, ಅನ್ನ, ಉಪ್ಪಿನಕಾಯಿ.

ನನ್ನ ಮೊದಲ ಬಸುರಿನಲ್ಲಿ ಆರು ತಿಂಗಳು ನಾನೂ ಹಾಗೇ ಉಂಡೆ. ಮನೆಯಲ್ಲಿ ಯಾರೂ ಕೆಟ್ಟವರಲ್ಲ, ರೂಢಿ ಅಷ್ಟೆ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.4 ಬಂತು. ಬಸುರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ. ತಾಯಿ ಕಾರ್ಡಿನಲ್ಲಿ ಬರೆಯುತ್ತಿದ್ದ ನರ್ಸಮ್ಮ ತಲೆ ಎತ್ತದೆ ಕೇಳಿದರು: "ಮನೇಲಿ ನೀನು ಕೊನೆಗೆ ಉಣ್ಣೋದಾ?"

ಬಸುರಿ ಏನು ತಿನ್ನಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದು ಅವಳ ತಟ್ಟೆಗೆ ಬರುವುದು ಹೇಗೆ ಅನ್ನುವುದೇ ಕಷ್ಟದ ಭಾಗ. ಒಂದೊಂದಾಗಿ ನೋಡೋಣ.

ಹೆಜ್ಜೆ 1: ಬಸುರಾಗುವ ಮೊದಲೇ ಒಂದು ಗುಳಿಗೆ

ಕೂಸಿನ ಮೆದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಎಷ್ಟೋ ಜನಕ್ಕೆ ಮುಟ್ಟು ತಡವಾಗಿದೆ ಅನ್ನುವುದಷ್ಟೇ ಗೊತ್ತಿರುತ್ತದೆ. ಹಾಗಾಗಿ ಮಗು ಬೇಕು ಅಂದುಕೊಂಡಾಗಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಶುರುವಾಗಬೇಕು. ಮೂರು ತಿಂಗಳು ತುಂಬುವವರೆಗೆ ನಿಲ್ಲಿಸಬೇಡಿ. ಹಿಂದಿನ ಮಗುವಿಗೆ ಬೆನ್ನುಹುರಿಯ ತೊಂದರೆ ಇದ್ದರೆ ಪ್ರಮಾಣ ಜಾಸ್ತಿ ಬೇಕು, ಡಾಕ್ಟರನ್ನು ಕೇಳಿ.

ಸೊಪ್ಪಿನಲ್ಲೂ ಈ ಸತ್ವ ಇದೆ. ಆದರೆ ಬೇಯಿಸಿದ ನೀರು ಚೆಲ್ಲಿದರೆ ಬಹಳಷ್ಟು ಅದರ ಜೊತೆಗೇ ಹೋಗುತ್ತದೆ. ಬಸಿದ ನೀರನ್ನೇ ಬಸ್ಸಾರು ಮಾಡುವ ಚಿತ್ರದುರ್ಗದ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅಲ್ವಾ?

ಹೆಜ್ಜೆ 2: ವಾಂತಿಯ ತಿಂಗಳುಗಳು

ಈ ಮೂರು ತಿಂಗಳು ಜಾಸ್ತಿ ತಿನ್ನಬೇಕು ಅಂತೇನಿಲ್ಲ. ತಿಂದದ್ದು ಉಳಿದರೆ ಸಾಕು. ರಾತ್ರಿಯೇ ಮಂಚದ ಪಕ್ಕ ಒಂದು ಡಬ್ಬಿಯಲ್ಲಿ ಒಣ ಮಂಡಕ್ಕಿ ಇಟ್ಟುಕೊಳ್ಳಿ. ಬೆಳಗ್ಗೆ ಏಳುವ ಮೊದಲು, ಮಲಗಿದಲ್ಲೇ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಹತ್ತು ನಿಮಿಷ ಬಿಟ್ಟು ಎದ್ದರೆ ಹೊಟ್ಟೆ ತೊಳಸುವುದು ಕಡಿಮೆ. ಮಂಡಕ್ಕಿ ಸಿಗದ ದಾವಣಗೆರೆ ಓಣಿ ಇಲ್ಲ. ಮಿರ್ಚಿ ಮಾತ್ರ ಜೊತೆಗೆ ಬೇಡ. ನೀರು ಕುಡಿದರೂ ವಾಂತಿ, ಮೂತ್ರ ಕಡಿಮೆ, ಕಣ್ಣು ಕತ್ತಲೆ ಅಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಹೆಜ್ಜೆ 3: ತಟ್ಟೆಯ ಲೆಕ್ಕ

"ಇಬ್ಬರಿಗೆ ಆಗುವಷ್ಟು ತಿನ್ನು" ಅನ್ನುವುದು ತಪ್ಪು. "ಜಾಸ್ತಿ ತಿನ್ಬ್ಯಾಡವ್ವ, ಕೂಸು ದಪ್ಪ ಆಗಿ ಹೆರಿಗೆ ಕಷ್ಟ ಆಗ್ತತಿ" ಅನ್ನುವುದು ಅದಕ್ಕಿಂತ ದೊಡ್ಡ ತಪ್ಪು. ನಾಲ್ಕನೇ ತಿಂಗಳಿಂದ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚು ಬೇಕು, ಅಷ್ಟೆ. ಒಂದು ಲೋಟ ಹಾಲು, ಒಂದು ಹಿಡಿ ಹುರಿದ ಶೇಂಗಾ, ಒಂದು ಬಾಳೆಹಣ್ಣು. ಲೆಕ್ಕ ಮುಗಿಯಿತು. ಇದನ್ನು ಊಟದ ಬದಲಿಗೆ ತಿನ್ನುವುದಲ್ಲ, ಊಟದ ಮೇಲೆ ತಿನ್ನುವುದು. ಮೊದಲಿನಿಂದ ಸಾಧಾರಣ ಮೈಕಟ್ಟಿನವರಾದರೆ ಒಂಬತ್ತು ತಿಂಗಳಲ್ಲಿ 10ರಿಂದ 12 ಕೆ.ಜಿ. ತೂಕ ಏರಬೇಕು.

ನಮ್ಮ ಸೀಮೆಯಲ್ಲಿ ಬಸುರಿಗೆ ಬೇಕಾದ್ದೆಲ್ಲ ಇದೆ. ಅಂಗಡಿಯ ದುಬಾರಿ ಪುಡಿ ಡಬ್ಬಿ ಕೊಳ್ಳುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅದೇ ದುಡ್ಡಿಗೆ ಚಳ್ಳಕೆರೆ ಶೇಂಗಾ, ಹೊಸದುರ್ಗದ ಸಾವೆ, ಹುರುಳಿಕಾಳು ಎಷ್ಟು ಬರುತ್ತದೆ! 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇದೆ. ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ದಿನಕ್ಕೊಂದು ಹೊತ್ತು ಮುದ್ದೆಯೋ ರೊಟ್ಟಿಯೋ ಇರಲಿ. ಜೊತೆಗೆ ಮೊಳಕೆ ಬಂದ ಕಾಳಿನ ಪಲ್ಯ ಅಥವಾ ಗಟ್ಟಿ ಸಾರು, ನುಗ್ಗೆಸೊಪ್ಪೋ ದಂಟಿನಸೊಪ್ಪೋ ಒಂದು ಬಟ್ಟಲು, ಒಂದು ಲೋಟ ಮೊಸರು. ಕೊನೆಯ ಮೂರು ತಿಂಗಳು ಪ್ರೋಟೀನು ದಿನಕ್ಕೆ ಸುಮಾರು 22 ಗ್ರಾಂ ಜಾಸ್ತಿ ಬೇಕಾಗುತ್ತದೆ. ಆಗ ಮೊಟ್ಟೆ ತಿನ್ನುವವರು ಒಂದು ಮೊಟ್ಟೆ ಸೇರಿಸಿ. ತಿನ್ನದವರು ಇನ್ನೊಂದು ಬಟ್ಟಲು ಕಾಳು ತಿನ್ನಿ. ಶಾಕಾಹಾರಿಗಳಿಗೆ ಬಿ12 ಸಿಗುವುದು ಹಾಲು ಮೊಸರಿನಲ್ಲಿ ಮಾತ್ರ. ಅದೂ ಸಾಲದಿರಬಹುದು, ಆದ್ದರಿಂದ ರಕ್ತ ಪರೀಕ್ಷೆಯ ದಿನ ಡಾಕ್ಟರನ್ನು ಕೇಳಿ.

ಬೆಣ್ಣೆ ದೋಸೆ? ತಿನ್ನಿ. ಬಯಕೆ ತೀರಲಿ. ಆದರೆ ಸಕ್ಕರೆ ಪರೀಕ್ಷೆಯಲ್ಲಿ ಜಾಸ್ತಿ ಬಂದವರ ದಾರಿ ಬೇರೆ. ಅವರು ಈ ಲೇಖನ ಬಿಟ್ಟು ತಮ್ಮ ಡಾಕ್ಟರ ಮಾತು ಕೇಳಲಿ.

ಅಂಗನವಾಡಿಯನ್ನು ಮರೆಯಬೇಡಿ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ ಅಂತಾಯಿತು. ಅನ್ನ, ಸಾಂಬಾರು, ಹಾಲು, ಮೊಟ್ಟೆ, ಚಿಕ್ಕಿ. ಈ ಊಟದಲ್ಲಿ ನನಗೆ ಹಿಡಿಸಿದ್ದು ಒಂದೇ ವಿಷಯ: ಅಲ್ಲಿ ಬಸುರಿ ಕೊನೆಗೆ ಉಣ್ಣುವುದಿಲ್ಲ. ಹೆಸರು ನೋಂದಾಯಿಸಿ, ಈಗ ಏನೇನು ಸಿಗುತ್ತದೆ ಅಂತ ನಿಮ್ಮೂರ ಅಂಗನವಾಡಿ ಟೀಚರನ್ನೇ ಕೇಳಿ.

ಮನೆಯಲ್ಲಿ? ಅತ್ತೆಗೆ ನಾನು ಭಾಷಣ ಮಾಡಲಿಲ್ಲ. ತಾಯಿ ಕಾರ್ಡು ತೆಗೆದು 8.4 ತೋರಿಸಿದೆ, ನರ್ಸಮ್ಮ ಕೇಳಿದ್ದನ್ನು ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಾರನೇ ದಿನ ಹನ್ನೆರಡೂವರೆಗೆ ಕರೆದರು. ಒಲೆ ಪಕ್ಕ ತಟ್ಟೆ ಇತ್ತು, ಸೌಟು ಪಾತ್ರೆಯ ತಳ ಮುಟ್ಟಿ ಬಂದಿತ್ತು, ಅಲಸಂದೆ ಕಾಳು ರಾಶಿ ಬಿದ್ದಿತ್ತು. "ಉಣ್ಣವ್ವ, ಅವ್ರು ಬರೋದ್ರೊಳಗ" ಅಂದರು. ಹೆರಿಗೆಯ ತನಕ ಹಾಗೇ ನಡೆಯಿತು.

ಹೆಜ್ಜೆ 4: ಕೆಂಪು ಗುಳಿಗೆಯ ಜಗಳ

ನಾಲ್ಕನೇ ತಿಂಗಳಿಂದ 180 ದಿನ ದಿನಕ್ಕೊಂದು ಕಬ್ಬಿಣದ ಗುಳಿಗೆ. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಆದರೂ ದಿಂಬಿನ ಕೆಳಗೆ, ಹಿತ್ತಲಿನಲ್ಲಿ ಸಿಗುವ ಗುಳಿಗೆಗಳಿಗೆ ಲೆಕ್ಕವಿಲ್ಲ. ನಾನೂ ತುಳಸಿಕಟ್ಟೆ ಹಿಂದೆ ಎಸೆದಿದ್ದೇನೆ. ನನಗೆ ಪಟ್ಟಿ ಕೊಟ್ಟವರು ಹೇಗೆ ನುಂಗಬೇಕು ಅಂತ ಹೇಳಲೇ ಇಲ್ಲ. ಬೆಳಗ್ಗೆ ಟೀ ಜೊತೆ ನುಂಗಿ, ಹೊಟ್ಟೆ ತೊಳಸಿ, ಬಿಟ್ಟೆ.

ಹೀಗೆ ಮಾಡಿ. ರಾತ್ರಿ ಊಟವಾಗಿ ಒಂದೆರಡು ಗಂಟೆ ಬಿಟ್ಟು, ಮಲಗುವ ಮುಂಚೆ ನಿಂಬೆ ಪಾನಕದ ಜೊತೆ ನುಂಗಿ. ನಿಂಬೆಯಲ್ಲಿರುವ ವಿಟಮಿನ್ ಸಿ ಕಬ್ಬಿಣ ಮೈಗೆ ಹಿಡಿಯಲು ಸಹಾಯ ಮಾಡುತ್ತದೆ. ಟೀ, ಕಾಫಿ ಅದನ್ನು ತಡೆಯುತ್ತವೆ, ಊಟದ ಹಿಂದೆ ಮುಂದೆ ಒಂದು ಗಂಟೆ ಬೇಡ. ಕ್ಯಾಲ್ಸಿಯಂ ಗುಳಿಗೆಯನ್ನೂ ಇದನ್ನೂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ ಬೆಳಗಿನ, ಮಧ್ಯಾಹ್ನದ ಊಟದ ಜೊತೆಗಾಗಲಿ. ರಾತ್ರಿ ಕೇಸರಿ ಹಾಲು ಕುಡಿಯುವವರು ಅದನ್ನು ಸಂಜೆಗೆ ತನ್ನಿ. ಕೇಸರಿಯಿಂದ ಕೂಸು ಬೆಳ್ಳಗೇನೂ ಆಗುವುದಿಲ್ಲ, ಹಾಲು ಮಾತ್ರ ಒಳ್ಳೆಯದು. ಹಾಗೆಯೇ ಕಬ್ಬಿಣದ ಗುಳಿಗೆಯಿಂದ ಕೂಸು ಕಪ್ಪಾಗುವುದಿಲ್ಲ. ಕಪ್ಪಾಗುವುದು ನಿಮ್ಮ ಮಲ, ಅದಕ್ಕೆ ಹೆದರಬೇಡಿ.

ಮಳೆ ಬಿದ್ದ ಮಣ್ಣಿನ ವಾಸನೆಗೆ ಬಾಯಲ್ಲಿ ನೀರು ಬರುತ್ತಿದೆಯಾ? ಬಳಪ, ಗೋಡೆ ಸುಣ್ಣ ತಿನ್ನಬೇಕು ಅನ್ನಿಸುತ್ತಿದೆಯಾ? ಬಯಕೆ ಅಂತ ನಗಬೇಡಿ. ಎಷ್ಟೋ ಸಲ ಅದು ರಕ್ತ ಕಡಿಮೆ ಇರುವುದರ ಗುರುತು. ನಾಚಿಕೆ ಬಿಟ್ಟು ಹೇಳಿ.

ಇಷ್ಟೆಲ್ಲ ಯಾಕೆ ಅಂದರೆ, ಕೂಸು ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಕಬ್ಬಿಣ ಎಳೆದು ಕೂಡಿಟ್ಟುಕೊಳ್ಳುತ್ತದೆ. ಹುಟ್ಟಿದ ಮೇಲೆ ನಾಲ್ಕರಿಂದ ಆರು ತಿಂಗಳು ಆ ಗಂಟಿನ ಮೇಲೇ ಬದುಕು, ತಾಯಿಹಾಲಿನಲ್ಲಿ ಕಬ್ಬಿಣ ಕಡಿಮೆ. ಆ ತಿಂಗಳುಗಳಲ್ಲೇ ಮೆದುಳು ದಡದಡ ಬೆಳೆಯುವುದು.

ಹೆಜ್ಜೆ 5: ಉಪ್ಪು, ನೀರು

ಅಯೋಡಿನ್ ಸಾಲದಿದ್ದರೆ ಪೆಟ್ಟು ಬೀಳುವುದು ಕೂಸಿನ ಮೆದುಳಿಗೆ. ಮೂಟೆಯಲ್ಲಿ ಬರುವ ಕಲ್ಲುಪ್ಪಿನಲ್ಲಿ ಎಷ್ಟೋ ಸಲ ಅಯೋಡಿನ್ ಇರುವುದಿಲ್ಲ. ಪಾಕೀಟಿನ ಮೇಲೆ ಅಯೋಡಿನ್ ಉಪ್ಪು ಅಂತ ಇದೆಯಾ ನೋಡಿ, ಮುಚ್ಚಳದ ಡಬ್ಬಿಯಲ್ಲಿಡಿ.

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುದಿಸಿದರೆ ಅದು ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತನ್ನಿ. ಬಸುರಿ ಕೈಯಲ್ಲಿ ಮಾತ್ರ ಹೊರಿಸಬೇಡಿ.

ಹೆಜ್ಜೆ 6: ಕುಬುಸದ ನಂತರ

ಏಳನೇ ತಿಂಗಳ ಕುಬುಸದಲ್ಲಿ, ಅಂದರೆ ಸೀಮಂತದಲ್ಲಿ, ಐದು ಬಗೆ ಅನ್ನ, ಹೋಳಿಗೆ ಬಡಿಸಿ, ಮರುದಿನದಿಂದ ತಿಳಿ ಸಾರಿಗೆ ವಾಪಸ್ ಕಳಿಸುವ ಮನೆಗಳಿವೆ. ಕೂಸಿಗೆ ತೂಕ ಹತ್ತುವುದು ನಿಜವಾಗಿ ಈಗ. ಹುಟ್ಟುವಾಗ 2.5 ಕೆ.ಜಿ.ಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಅನ್ನುತ್ತಾರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ದಶಕಗಳ ನಂತರ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಬರೀ ತೊಟ್ಟಿಲ ದಿನಗಳ ಮಾತಲ್ಲ ಇದು.

ಹೊಟ್ಟೆ ಒತ್ತಿದಂತಾಗಿ ಒಮ್ಮೆಗೇ ತಿನ್ನಲು ಆಗದಿದ್ದರೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನಿ. ಬೇರೆ ಬೇರೆ ತಿನ್ನಿ. ಕೂಸು ಗರ್ಭದ ನೀರು ನುಂಗುತ್ತದೆ, ತಾಯಿ ತಿಂದದ್ದರ ರುಚಿ ಆ ನೀರಿಗೂ ಬರುತ್ತದೆ. ಬಸುರಿನಲ್ಲಿ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು ಆಮೇಲೆ ಕ್ಯಾರೆಟ್ ಹಾಕಿದ ಊಟವನ್ನು ಮುಖ ಕಿವಿಚದೆ ತಿಂದದ್ದನ್ನು ಪರೀಕ್ಷಿಸಿ ನೋಡಿದ್ದಾರೆ. ನನ್ನ ಮಗಳಿಗೆ ಗುರೆಳ್ಳು ಚಟ್ನಿ ಅಂದರೆ ಪ್ರಾಣ. ಕಾರಣ ಅದೇ ಅಂತ ನಾನು ಅಂದುಕೊಂಡಿದ್ದೇನೆ.

ಹೆಜ್ಜೆ 7: ಹೆರಿಗೆ ಆಯಿತು, ಊಟ ಕಡಿಮೆ ಮಾಡಬೇಡಿ

ಬಾಣಂತಿಗೆ ನೀರು ಕೊಡಬಾರದು, ಬರೀ ಮೆಣಸಿನ ಸಾರು ಅನ್ನ ಅನ್ನುವವರು ಈಗಲೂ ಇದ್ದಾರೆ. ಹಾಲುಣಿಸುವ ಮೊದಲ ಆರು ತಿಂಗಳು ಬಸುರಿಗಿಂತ ಹಸಿವು ಜಾಸ್ತಿ. ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು. ಹಾಲುಣಿಸಲು ಕೂತಾಗೆಲ್ಲ ಕೈಗೆ ಸಿಗುವಂತೆ ಒಂದು ಚೊಂಬು ನೀರು ಇಡಿ. ಹುಟ್ಟಿದ ಒಂದು ಗಂಟೆಯೊಳಗೆ ಮೊದಲ ಹಳದಿ ಹಾಲು ಕೂಸಿನ ಬಾಯಿಗೆ ಹೋಗಲಿ, ಹಿಂಡಿ ಚೆಲ್ಲಬೇಡಿ. ಆರು ತಿಂಗಳು ಬರೀ ಎದೆಹಾಲು, ಜೇನುತುಪ್ಪವೂ ಬೇಡ. ಆಮೇಲೆ ರಾಗಿ ಸರಿ.

ಕೆಂಪು ಗುಳಿಗೆ ಹೆರಿಗೆಯ ನಂತರವೂ 180 ದಿನ ಇದೆ. ತವರಿಗೆ ಹೋದವರಿಗೆ ಇದು ತಪ್ಪುವುದೇ ಹೆಚ್ಚು. ಬಾಣಂತನಕ್ಕೆ ಹೊರಡುವಾಗ ತಾಯಿ ಕಾರ್ಡನ್ನು ಸೀರೆಗಳ ಜೊತೆ ಟ್ರಂಕಿಗೆ ಹಾಕಿಕೊಳ್ಳಿ, ಹೋದ ಊರಿನ ಆಶಾ ಕಾರ್ಯಕರ್ತೆಗೆ ಮೊದಲ ವಾರವೇ ತೋರಿಸಿ.